ಯಾವ ಶಟಲ್ ಎಷ್ಟು ಗೇಮ್ ಬಾಳುತ್ತದೆ? ಗರಿ ಶಟಲ್‌ಗಳನ್ನು ನೀವೇ ಹೋಲಿಸಿ ನೋಡುವ ಬಗೆ

ವಾರಕ್ಕೆ ಮೂರು ನಾಲ್ಕು ದಿನ ಬ್ಯಾಡ್ಮಿಂಟನ್ ಡಬಲ್ಸ್ ಆಡುವ ಗುಂಪಿನ ಲೆಕ್ಕದ ಪುಸ್ತಕ ತೆರೆದು ನೋಡಿ. ಕೋರ್ಟ್ ಬಾಡಿಗೆಯ ಜೊತೆಗೆ ಎದ್ದು ಕಾಣುವ ಖರ್ಚು ಶಟಲ್‌ನದು. 2025ರಲ್ಲಿ ಗರಿಯ ಪೂರೈಕೆ ಕುಗ್ಗಿ ಬೆಲೆ ಏರಿದ ಮೇಲೆ ಯಾವ ಕಂಪನಿಯದು, ಯಾವ ದರ್ಜೆಯದು ಕೊಳ್ಳಬೇಕು ಎಂಬ ಚರ್ಚೆ ಎಲ್ಲ ಗುಂಪುಗಳಲ್ಲೂ ನಡೆದಿದೆ. ಈ ಚರ್ಚೆ ಸಾಮಾನ್ಯವಾಗಿ "ಮೊನ್ನೆ ತಂದದ್ದು ಚೆನ್ನಾಗಿತ್ತು, ಇದು ಬೇಗ ಮುರೀತು" ಎಂಬಲ್ಲಿಗೆ ನಿಂತುಬಿಡುತ್ತದೆ. ಮೊನ್ನೆ ಆಡಿದವರು ಬೇರೆ, ಹವೆ ಬೇರೆ, ಶಟಲ್‌ನ ವೇಗದ ಸಂಖ್ಯೆಯೂ ಬೇರೆ ಇದ್ದಿರಬಹುದು. ಹೀಗಿರುವಾಗ ಆ ಮಾತಿನಿಂದ ಯಾವುದನ್ನು ಕೊಳ್ಳಬೇಕೆಂದು ತಿಳಿಯುವುದಿಲ್ಲ.

ಸರಿಯಾಗಿ ಹೋಲಿಸಲು ದೊಡ್ಡ ಸಲಕರಣೆ ಬೇಕಿಲ್ಲ. ಚಿನ್ನದಂಗಡಿಯವರು ಬಳಸುವಂಥ, 0.01 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ, ಮಿಲಿಮೀಟರ್ ಗುರುತಿನ ಸ್ಕೇಲ್, ಅಳಿಸಿಹೋಗದ ಮಾರ್ಕರ್ ಪೆನ್ನು, ಒಂದು ನೋಟ್‌ಬುಕ್ ಸಾಕು. ಮುಖ್ಯವಾಗಿ ಬೇಕಾದದ್ದು ಎರಡು ಪ್ರಶ್ನೆಗಳನ್ನು ಒಂದರೊಳಗೊಂದು ಬೆರೆಸದೆ ಇಡುವ ಶಿಸ್ತು. ಶಟಲ್ ಎಷ್ಟು ನೆಟ್ಟಗೆ, ಎಷ್ಟು ಒಂದೇ ತೆರನಾಗಿ ಹಾರುತ್ತದೆ ಎಂಬುದು ಗುಣಮಟ್ಟದ ಪ್ರಶ್ನೆ. ಹಾಗೆ ಎಷ್ಟು ಹೊತ್ತು ಹಾರುತ್ತದೆ ಎಂಬುದು ಬಾಳಿಕೆಯ ಪ್ರಶ್ನೆ. ದಪ್ಪ ಕಡ್ಡಿಯ ಶಟಲ್ ಮುರಿಯದೆ ಉಳಿದೂ ಮೊದಲ ದಿನದಿಂದಲೇ ಓಲಾಡುತ್ತಾ ಹೋಗಬಹುದು. ತುಂಬ ಸೊಗಸಾಗಿ ಹಾರುವ ಶಟಲ್ ಎರಡು ಗೇಮ್‌ಗೇ ಮುಗಿಯಬಹುದು. ಎರಡಕ್ಕೂ ಬೇರೆ ಬೇರೆ ಅಂಕ ಕೊಡಬೇಕು.

ಶಟಲ್‌ನ ಅಂಗಾಂಗ ತಿಳಿದಿರಲಿ

ವಿಶ್ವ ಬ್ಯಾಡ್ಮಿಂಟನ್ ಒಕ್ಕೂಟದ ನಿಯಮದ ಪ್ರಕಾರ ಗರಿ ಶಟಲ್‌ನಲ್ಲಿ 16 ಗರಿಗಳಿರಬೇಕು. ತುದಿಯಿಂದ ಕಾರ್ಕ್‌ನ (ಬುಡದ ಗುಂಡುಭಾಗದ) ಮೇಲ್ಭಾಗದವರೆಗೆ ಗರಿಯ ಉದ್ದ 62ರಿಂದ 70 ಮಿಲಿಮೀಟರ್, ಮತ್ತು ಒಂದು ಶಟಲ್‌ನ ಎಲ್ಲ ಗರಿಗಳೂ ಒಂದೇ ಉದ್ದ. ತುದಿಗಳು ಸೇರಿ ಮಾಡುವ ವೃತ್ತದ ಅಡ್ಡಳತೆ 58ರಿಂದ 68 ಮಿಲಿಮೀಟರ್. ಕಾರ್ಕ್‌ನ ಅಡ್ಡಳತೆ 25ರಿಂದ 28 ಮಿಲಿಮೀಟರ್. ಇಡೀ ಶಟಲ್‌ನ ತೂಕ 4.74ರಿಂದ 5.50 ಗ್ರಾಂ. ಈ ಮಿತಿಗಳು ಸಾಕಷ್ಟು ಸಡಿಲವಾಗಿವೆ. ಮಿತಿಯೊಳಗಿದ್ದೂ ಕೆಟ್ಟದಾಗಿ ಹಾರುವ ಶಟಲ್‌ಗಳು ಧಾರಾಳವಾಗಿ ಸಿಗುತ್ತವೆ.

ಗರಿಯಲ್ಲಿ ಎರಡು ಭಾಗ ನೋಡಬೇಕು: ನಡುವಿನ ಕಡ್ಡಿ, ಅದರ ತುದಿಯ ಎಸಳು. ಬಾಳಿಕೆ ಬಹುಪಾಲು ನಿರ್ಧಾರವಾಗುವುದು ಕಡ್ಡಿಯಲ್ಲಿ. ಹೆಬ್ಬಾತಿನ ಗರಿಯ ಕಡ್ಡಿ ದಪ್ಪ, ಬಾಗಿದರೂ ಮರಳಿ ನೆಟ್ಟಗಾಗುತ್ತದೆ. ಬಾತುಕೋಳಿ ಗರಿಯ ಕಡ್ಡಿ ತೆಳು, ಬೇಗ ಪೆಡಸಾಗುತ್ತದೆ, ಬೆಲೆಯೂ ಕಡಿಮೆ. ಅಂಗಡಿಗಳಲ್ಲಿ ಇವನ್ನೇ ಗೂಸ್ ಮತ್ತು ಡಕ್ ಎನ್ನುತ್ತಾರೆ. ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಉಲುಬೇರಿಯಾ ಸುತ್ತಮುತ್ತ ಸಣ್ಣ ಸಣ್ಣ ಘಟಕಗಳಲ್ಲಿ ತಯಾರಾಗುತ್ತಾ ಬಂದಿರುವ ಶಟಲ್‌ಗಳಲ್ಲಿ ಹೆಚ್ಚಿನವು ಬಾತುಕೋಳಿ ಗರಿಯವು. ಅಭ್ಯಾಸಕ್ಕೆ, ಮಕ್ಕಳ ತರಬೇತಿಗೆ ಅವು ದೇಶದ ತುಂಬ ಹೋಗುತ್ತವೆ. ಬಾತುಕೋಳಿ ಗರಿ ಎಂದೊಡನೆ ಕೀಳು ಎಂದು ತಳ್ಳಿಹಾಕಬೇಡಿ. ಚೆನ್ನಾಗಿ ಆರಿಸಿ ಜೋಡಿಸಿದ ಬಾತುಕೋಳಿ ಗರಿ, ಕಳಪೆ ಹೆಬ್ಬಾತಿನ ಗರಿಗಿಂತ ಚೆನ್ನಾಗಿ ಹಾರುತ್ತದೆ.

ಹದಿನಾರೂ ಗರಿಗಳು ಹಕ್ಕಿಯ ಒಂದೇ ಬದಿಯ ರೆಕ್ಕೆಯವಾಗಿರಬೇಕು. ಎಡರೆಕ್ಕೆಯ ಗರಿಯ ಬಾಗು ಒಂದು ಕಡೆ, ಬಲರೆಕ್ಕೆಯದು ಇನ್ನೊಂದು ಕಡೆ. ಈ ಬಾಗು ಮತ್ತು ಗರಿಗಳನ್ನು ಒಂದರ ಮೇಲೊಂದು ಓರೆಯಾಗಿ ಹೊದಿಸಿದ ಕ್ರಮ ಎರಡೂ ಸೇರಿ ಶಟಲ್‌ಗೆ ತಿರುಗುವ ಗುಣ ಕೊಡುತ್ತವೆ. ತಿರುಗಿದರೆ ಮಾತ್ರ ಅದು ನೆಟ್ಟಗೆ ಹೋಗುತ್ತದೆ. ಒಂದು ಗರಿ ಮುರಿದ ಕೂಡಲೇ ಶಟಲ್ ಹಾದಿ ತಪ್ಪುವುದು, ವೇಗ ಬದಲಾಗುವುದು ಇದೇ ಕಾರಣಕ್ಕೆ.

ಕಾರ್ಕ್‌ನಲ್ಲಿ ಮೂರು ಬಗೆ ಎಂದಿಟ್ಟುಕೊಳ್ಳಿ. ಮೊದಲನೆಯದು ಇಡಿಯಾಗಿ ಒಂದೇ ತುಂಡು ಸಹಜ ಕಾರ್ಕ್. ಎರಡನೆಯದು ಕಾರ್ಕ್ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಭಾಗಕ್ಕೆ ಸಹಜ ಕಾರ್ಕ್‌ನ ಪದರ ಸೇರಿಸಿದ್ದು. ಮೂರನೆಯದು ಫೋಮ್. ಹೊರಗೆಲ್ಲ ಒಂದೇ ಬಿಳಿ ಹೊದಿಕೆ ಇರುವುದರಿಂದ ಕಣ್ಣಿಗೆ ವ್ಯತ್ಯಾಸ ಕಾಣದು. ಮುರಿದು ಬಿಸಾಡುವ ಶಟಲ್ ಒಂದನ್ನು ಹಲಗೆಯ ಮೇಲಿಟ್ಟು ಚೂಪು ಚಾಕುವಿನಿಂದ ಕಾರ್ಕ್ ಅನ್ನು ಉದ್ದಕ್ಕೆ ಸೀಳಿ ನೋಡಿ. ಡಬ್ಬಿಯ ಮೇಲಿನ ಬರಹಕ್ಕಿಂತ ಇದು ಹೆಚ್ಚು ಹೇಳುತ್ತದೆ. ಪದರಗಳ ನಡುವೆ ಅಂಟು ಬಿಟ್ಟಿದ್ದರೆ, ಹೊಡೆದಾಗ ಬರುವ "ಠಪ್" ಎಂಬ ಮಂಕು ಸದ್ದಿಗೆ ಕಾರಣ ಅಲ್ಲೇ ಸಿಗುತ್ತದೆ.

ಗರಿಯ ಕಡ್ಡಿಗಳನ್ನು ಬಿಗಿಯುವ ದಾರ ಸಾಮಾನ್ಯವಾಗಿ ಎರಡು ಸುತ್ತಿನಲ್ಲಿರುತ್ತದೆ, ಅದರ ಮೇಲೆ ಅಂಟಿನ ಲೇಪ. ಅಂಟು ಕಡಿಮೆಯಾದರೆ ಕಡ್ಡಿಗಳು ಸಡಿಲವಾಗಿ ಶಟಲ್‌ನ ಬಾಯಿ, ಅಂದರೆ ಗರಿತುದಿಗಳ ವೃತ್ತ, ಅಗಲವಾಗುತ್ತದೆ. ಅತಿಯಾದರೆ ದಾರದ ಅಂಚಿನಲ್ಲೇ ಕಡ್ಡಿ ಕಟಕ್ಕನೆ ಮುರಿಯುತ್ತದೆ.

ಮೊದಲ ಹೆಜ್ಜೆ: ಸಮಾನ ಸ್ಪರ್ಧಿಗಳನ್ನು ಆರಿಸಿ

ಹೋಲಿಸಬೇಕಾದ ಪ್ರತಿ ಮಾದರಿಯದೂ ಕನಿಷ್ಠ ಎರಡು ಡಬ್ಬಿ, ಅಂದರೆ 24 ಶಟಲ್ ಬೇಕು. ಮೂರು ಡಬ್ಬಿಯಾದರೆ ಇನ್ನೂ ಒಳ್ಳೆಯದು. ಒಂದೇ ಡಬ್ಬಿ ನೋಡಿ ತೀರ್ಮಾನಿಸುವುದು ದೊಡ್ಡ ತಪ್ಪು. ಗರಿ ಕಾರ್ಖಾನೆಯ ಎರಕದಲ್ಲಿ ಬರುವ ವಸ್ತುವಲ್ಲ, ಹಕ್ಕಿಯ ಮೈಮೇಲೆ ಬೆಳೆದದ್ದು. ಒಂದೇ ಹೆಸರಿನ ಶಟಲ್ ಒಂದು ಲಾಟ್‌ನಿಂದ ಇನ್ನೊಂದು ಲಾಟ್‌ಗೆ ಬದಲಾಗುತ್ತದೆ. ಸಾಧ್ಯವಾದರೆ ಎರಡು ಡಬ್ಬಿಗಳನ್ನು ಬೇರೆ ಬೇರೆ ಅಂಗಡಿಯಿಂದ ತನ್ನಿ.

ವೇಗದ ಸಂಖ್ಯೆ ಒಂದೇ ಇರಲಿ. ಡಬ್ಬಿಯ ಮುಚ್ಚಳದ ಮೇಲೆ 75, 76, 77, 78 ಅಥವಾ 79 ಎಂದಿರುತ್ತದೆ. ಯೋನೆಕ್ಸ್‌ನಂಥ ಕಂಪನಿಯವರು ಇದನ್ನೇ 1ರಿಂದ 5 ಎಂದು ಬರೆಯುತ್ತಾರೆ. 75 ಎಂಬುದು ಮೂಲದಲ್ಲಿ ಗ್ರೇನ್ ಎಂಬ ತೂಕದ ಅಳತೆ. ಒಂದು ಗ್ರೇನ್ ಎಂದರೆ ಸುಮಾರು 0.065 ಗ್ರಾಂ. ಆ ಲೆಕ್ಕದಲ್ಲಿ 75 ಎಂದರೆ 4.86 ಗ್ರಾಂ, 77 ಎಂದರೆ 4.99 ಗ್ರಾಂ, 79 ಎಂದರೆ 5.12 ಗ್ರಾಂ. ಸಂಖ್ಯೆ ಹೆಚ್ಚಾದಂತೆ ಶಟಲ್ ದೂರ ಹೋಗುತ್ತದೆ. ಒಂದೊಂದು ಮೆಟ್ಟಿಲಿಗೆ ಸುಮಾರು 30 ಸೆಂಟಿಮೀಟರ್ ವ್ಯತ್ಯಾಸ ಎಂದು ತಯಾರಕರು ಹೇಳುತ್ತಾರೆ.

ಯಾವ ಸಂಖ್ಯೆ ನಿಮಗೆ ಸರಿ ಎಂಬುದನ್ನು ಊರು ಹೇಳುತ್ತದೆ. ಬಿಸಿ ಗಾಳಿ ತೆಳು, ಎತ್ತರದ ಗಾಳಿಯೂ ತೆಳು. ತೆಳುಗಾಳಿ ಶಟಲ್ ಅನ್ನು ಕಡಿಮೆ ತಡೆಯುತ್ತದೆ, ಆದ್ದರಿಂದ ನಿಧಾನದ ಶಟಲ್ ಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಅಲ್ಲಿನ ಗಾಳಿ ಅದೇ ಉಷ್ಣತೆಯ ಮಂಗಳೂರಿನ ಗಾಳಿಗಿಂತ ಸುಮಾರು ಹತ್ತನೇ ಒಂದು ಭಾಗ ತೆಳು. ಹಾಗಾಗಿ ಬೆಂಗಳೂರಿನ ತಗಡು ಚಾವಣಿಯ ಶೆಡ್‌ಗಳಲ್ಲಿ 75 ಅಥವಾ 76 ಸರಿಹೋದೀತು. ಕರಾವಳಿಯಲ್ಲಿ ಸೆಕೆ ಜಾಸ್ತಿಯಾದರೂ ಗಾಳಿ ದಟ್ಟ, 76 ಇಲ್ಲವೇ 77 ಪರೀಕ್ಷಿಸಿ ನೋಡಿ. ಕಲಬುರಗಿಯ ಮೇ ತಿಂಗಳಲ್ಲಿ 75 ಕೂಡ ದೂರ ಓಡುತ್ತದೆ. ವೇಗದ ಸಂಖ್ಯೆ ಊರಿಗೆ ಹೊಂದದಿದ್ದರೆ ಬಾಳಿಕೆಯ ಪರೀಕ್ಷೆಯೂ ಹಾಳು. ಶಟಲ್ ತೀರಾ ನಿಧಾನವಾಗಿದ್ದರೆ ಆಟಗಾರರು ಹಿಂದಿನ ಗೆರೆ ಮುಟ್ಟಿಸಲು ಬಲವಂತವಾಗಿ ಬಾರಿಸುತ್ತಾರೆ, ಗರಿ ಬೇಗ ಹೋಗುತ್ತದೆ.

ಎರಡನೆಯ ಹೆಜ್ಜೆ: ಮೇಜಿನ ಮೇಲಿನ ಪರಿಶೀಲನೆ

ಡಬ್ಬಿ ತೆರೆದು ಹನ್ನೆರಡನ್ನೂ ಸಾಲಾಗಿ ಇಡಿ. ಪ್ರತಿಯೊಂದರ ಕಾರ್ಕ್‌ನ ಅಂಚಿನಲ್ಲಿ, ದಾರದ ಕೆಳಗೆ, ಸಣ್ಣ ಗುರುತು ಬರೆಯಿರಿ: ಕ1, ಕ2, ಖ1, ಖ2 ಎಂಬಂತೆ. ಕಾರ್ಕ್‌ನ ಮೂತಿಯ ಮೇಲೆ ಬರೆದರೆ ಹತ್ತು ಹೊಡೆತಕ್ಕೆ ಅಳಿಸಿಹೋಗುತ್ತದೆ. ಕಂಪನಿಯ ಹೆಸರಿರುವ ಪಟ್ಟಿಯನ್ನು ಇನ್ನೊಬ್ಬರಿಂದ ಬಿಳಿ ಟೇಪ್ ಸುತ್ತಿಸಿ ಮುಚ್ಚಿಸಬಹುದು. ಆಗ ಟೇಪ್ ಎಲ್ಲ ಮಾದರಿಗೂ ಒಂದೇ ಅಳತೆಯದಾಗಿರಬೇಕು, ತೂಕ ನೋಡಿದ ಮೇಲೆಯೇ ಸುತ್ತಬೇಕು. ದುಬಾರಿ ಹೆಸರು ಕಂಡರೆ "ಇದು ನೆಟ್ಟಗೆ ಹೋಗ್ತಿದೆ" ಎಂದು ಮನಸ್ಸು ತಾನಾಗಿಯೇ ಹೇಳಿಬಿಡುತ್ತದೆ. ಅದನ್ನು ತಪ್ಪಿಸಲು ಈ ಶ್ರಮ.

ತೂಕ. ತಕ್ಕಡಿಯ ಮೇಲೆ ಸಣ್ಣ ಬಟ್ಟಲಿಟ್ಟು ಸೊನ್ನೆಗೆ ತಂದು, ಶಟಲ್ ಅನ್ನು ಕಾರ್ಕ್ ಕೆಳಗಾಗಿ ನಿಲ್ಲಿಸಿ ತೂಗಿ. ಫ್ಯಾನ್ ಆರಿಸಿರಿ, ಇಲ್ಲದಿದ್ದರೆ ಅಂಕಿ ಕುಣಿಯುತ್ತದೆ. ಸರಾಸರಿಗಿಂತ ಮುಖ್ಯ ಹನ್ನೆರಡರೊಳಗಿನ ಅಂತರ. ಅತಿ ಭಾರದ್ದಕ್ಕೂ ಅತಿ ಹಗುರದ್ದಕ್ಕೂ 0.13 ಗ್ರಾಂ ವ್ಯತ್ಯಾಸ ಇದ್ದರೆ ಒಂದೇ ಡಬ್ಬಿಯೊಳಗೆ ಎರಡು ಮೆಟ್ಟಿಲಿನಷ್ಟು ತೂಕದ ಏರುಪೇರು ಇದೆ ಎಂದರ್ಥ. ಶಟಲ್ ಬದಲಿಸಿದಾಗಲೆಲ್ಲ ಆಟದ ಅಂದಾಜು ತಪ್ಪುವುದು ಇಂಥ ಡಬ್ಬಿಗಳಲ್ಲಿ.

ಬೆಳಕಿಗೆ ಹಿಡಿದು ನೋಡುವುದು. ಕಾರ್ಕ್ ನಿಮ್ಮ ಕಡೆಗಿರದೆ ಬಾಯಿ ನಿಮ್ಮ ಕಡೆಗಿರುವಂತೆ ಹಿಡಿದು ಕಿಟಕಿಯ ಬೆಳಕಿಗೆ ನೋಡಿ. ಗರಿಗಳ ನಡುವಿನ ಸಂದುಗಳು ಒಂದೇ ಅಳತೆಯವಾಗಿರಬೇಕು. ಕಡ್ಡಿಗಳು ಒಂದೇ ದಪ್ಪ, ಒಂದೇ ಬಣ್ಣ ಇರಬೇಕು. ನಡುನಡುವೆ ಹಳದಿ ಇಲ್ಲವೇ ಕಂದು ಚುಕ್ಕೆಯ ಕಡ್ಡಿಗಳಿದ್ದರೆ ಬೇರೆ ಬೇರೆ ದರ್ಜೆಯ ಗರಿ ಬೆರೆಸಿದ್ದಾರೆ. ತೀರಾ ಬೆಳ್ಳಗೆ ಹೊಳೆಯುವ ಗರಿ ಒಳ್ಳೆಯದೆಂದು ತಿಳಿಯಬೇಡಿ. ಹೆಚ್ಚು ಬ್ಲೀಚ್ ಮಾಡಿದ ಗರಿ ಪೆಡಸಾಗುತ್ತದೆ. ಎಸಳಿನಲ್ಲಿ ಹುಳು ತಿಂದಂಥ ಸೀಳು, ಕಡ್ಡಿಯ ಮೇಲೆ ಅಡ್ಡ ಗೆರೆಗಳಿದ್ದರೆ ಅಲ್ಲೇ ಮುರಿಯುವುದು ಖಚಿತ. ಒಂದು ಗರಿ ಪಕ್ಕದ ಗರಿಯ ತಪ್ಪು ಬದಿಗೆ ಸಿಕ್ಕಿಕೊಂಡಿದ್ದರೆ ಅದು ದೋಷವಲ್ಲ, ಡಬ್ಬಿಯೊಳಗೆ ತುರುಕುವಾಗ ಆದದ್ದು. ಬೆರಳಿನಿಂದ ಮೆಲ್ಲಗೆ ಬಿಡಿಸಿ ಸರಿಯಾದ ಹೊದಿಕೆಗೆ ತನ್ನಿ.

ಬೆರಳ ಪರೀಕ್ಷೆ. ಹೆಬ್ಬೆರಳಿನಿಂದ ಕಾರ್ಕ್ ಒತ್ತಿ. ಒಳ್ಳೆಯ ಕಾರ್ಕ್ ಗಟ್ಟಿಯಾಗಿದ್ದು ಸ್ವಲ್ಪವೇ ಒಳಗೆ ಹೋಗಿ ಕೂಡಲೇ ಮರಳುತ್ತದೆ. ಮೆತ್ತಗಿದ್ದರೆ ಫೋಮ್ ಇರಬಹುದು. ಒಂದು ಕಡೆ ಮೆತ್ತಗೆ ಇನ್ನೊಂದು ಕಡೆ ಗಟ್ಟಿಯಾಗಿದ್ದರೆ ಒಳಗೆ ಟೊಳ್ಳಿದೆ. ಮೂರು ನಾಲ್ಕು ಕಡ್ಡಿಗಳನ್ನು ದಾರದ ಮೇಲ್ಭಾಗದಲ್ಲಿ ಹಿಡಿದು ತುಸು ಅಲುಗಿಸಿ, ಬುಡ ಅಲುಗಬಾರದು. ಬಾಯಿಯ ಕಡೆಯಿಂದ ಇಣುಕಿದರೆ ಕೆಲವದರಲ್ಲಿ ಕಾರ್ಕ್‌ನ ನಡುವೆ ಪುಟ್ಟ ಲೋಹದ ತುಣುಕು ಕಾಣುತ್ತದೆ. ತೂಕ ಸರಿದೂಗಿಸಲು ತಯಾರಕರೇ ಇಟ್ಟದ್ದು ಅದು, ಹೆದರಬೇಕಿಲ್ಲ. ಕಿವಿಯ ಹತ್ತಿರ ಹಿಡಿದು ಅಲುಗಿಸಿದಾಗ ಗಲಗಲ ಎಂದರೆ ಮಾತ್ರ ತೆಗೆದಿಡಿ.

ಉರುಳಿಸುವುದು. ಶಟಲ್ ಅನ್ನು ಗಾಜಿನ ಅಥವಾ ನುಣುಪಾದ ಮೇಜಿನ ಮೇಲೆ ಮಲಗಿಸಿ ಮೆಲ್ಲಗೆ ತಳ್ಳಿ. ಕಾರ್ಕ್ ಅನ್ನು ನಡುವಾಗಿಸಿಕೊಂಡು ಅದು ವೃತ್ತದಲ್ಲಿ ಉರುಳುತ್ತದೆ. ಎಲ್ಲಾದರೂ ಕುಪ್ಪಳಿಸಿದರೆ ಆ ಜಾಗದ ಗರಿ ಉದ್ದ ಅಥವಾ ಹೊರಚಾಚಿದೆ. ಸ್ಕೇಲ್‌ನಿಂದ ಅಳೆಯುವುದಕ್ಕಿಂತ ಇದು ಬೇಗ ಆಗುತ್ತದೆ, ಸೂಕ್ಷ್ಮವೂ ಹೌದು.

ಮೂರನೆಯ ಹೆಜ್ಜೆ: ವೇಗ ಮತ್ತು ಹಾರಾಟ

ನಿಯಮದಲ್ಲಿರುವ ವೇಗದ ಪರೀಕ್ಷೆ ಸರಳ. ಹಿಂಗೆರೆಯ ಮೇಲೆ ನಿಂತು, ಆ ಗೆರೆಯ ನೇರಕ್ಕೆ ಶಟಲ್ ತಾಕುವಂತೆ, ಕೆಳಗಿನಿಂದ ಪೂರ್ತಿ ಬಲದ ಅಂಡರ್‌ಹ್ಯಾಂಡ್ ಹೊಡೆತ ಕೊಡಬೇಕು. ಶಟಲ್ ಮೇಲ್ಮುಖವಾಗಿ, ಪಕ್ಕದ ಗೆರೆಗೆ ಸಮಾನಾಂತರವಾಗಿ ಹೋಗಬೇಕು. ಅದು ಎದುರಿನ ಹಿಂಗೆರೆಗಿಂತ 530 ಮಿಲಿಮೀಟರಿಗೆ ಕಡಿಮೆಯಲ್ಲದಂತೆ, 990 ಮಿಲಿಮೀಟರಿಗೆ ಹೆಚ್ಚಲ್ಲದಂತೆ ಒಳಗೆ ಬಿದ್ದರೆ ವೇಗ ಸರಿ. ಈ ಎರಡು ಸಂಖ್ಯೆಗಳ ನಡುಬಿಂದು 760 ಮಿಲಿಮೀಟರ್. ಡಬಲ್ಸ್ ಸರ್ವೀಸ್‌ನ ಹಿಂದಿನ ಗೆರೆ ಇರುವುದೂ ಹಿಂಗೆರೆಯಿಂದ ಸರಿಯಾಗಿ ಅಷ್ಟೇ ದೂರದಲ್ಲಿ. ಆದ್ದರಿಂದ ಅಳತೆಪಟ್ಟಿ ಇಲ್ಲದಿದ್ದರೂ ಆಗುತ್ತದೆ: ಆ ಗೆರೆಯ ಆಚೆಈಚೆ ಒಂದು ಗೇಣು ಒಳಗೆ ಬಿದ್ದರೆ ಶಟಲ್ ಸರಿಯಿದೆ.

ಎಡವಟ್ಟಾಗುವುದು ಹೊಡೆಯುವ ಕೈಯಿಂದ. ಕೈಬಲ ಕಡಿಮೆಯಿದ್ದವರು ಹೊಡೆದು ಶಟಲ್ ನಿಧಾನ ಎನ್ನುತ್ತಾರೆ. ಒಬ್ಬರೇ, ಒಂದೇ ರಾಕೆಟ್‌ನಿಂದ ಎಲ್ಲ ಮಾದರಿಯನ್ನೂ ಹೊಡೆಯಬೇಕು. ಐದು ನಿಮಿಷ ಮೈ ಬೆಚ್ಚಗಾಗಲಿ. ಕ ಮಾದರಿಯ ಹನ್ನೆರಡನ್ನೂ ಮುಗಿಸಿ ಆಮೇಲೆ ಖ ಎಂದು ಮಾಡಬೇಡಿ, ಕೈ ಸೋಲುತ್ತದೆ. ಕ ಒಂದು, ಖ ಒಂದು ಎಂದು ಬೆರೆಸಿ ಹೊಡೆಯಿರಿ. ಪ್ರತಿ ಶಟಲ್‌ಗೆ ಮೂರು ಹೊಡೆತ, ಮೂರರಲ್ಲಿ ಅತಿ ಹೆಚ್ಚೂ ಅತಿ ಕಡಿಮೆಯೂ ಅಲ್ಲದ ನಡುವಿನ ದೂರವನ್ನು ಬರೆದುಕೊಳ್ಳಿ. ಫ್ಯಾನ್, ಏಸಿ ನಿಂತಿರಲಿ. ಎರಡೂ ಬದಿಯಿಂದ ಹೊಡೆದು ನೋಡಿದರೆ ಸಭಾಂಗಣದೊಳಗಿನ ಗಾಳಿಯ ಸೆಳೆತ ಗೊತ್ತಾಗುತ್ತದೆ.

ಇದೇ ಹೊತ್ತಿಗೆ ಇನ್ನೊಬ್ಬರು ನೆಟ್‌ನ ಪಕ್ಕದಲ್ಲಿ ನಿಂತು ಶಟಲ್ ಹಾರುವುದನ್ನು ನೋಡಲಿ. ಒಳ್ಳೆಯದು ಹೊಡೆತ ಬಿದ್ದ ಕೂಡಲೇ ಮಗುಚಿ ಕಾರ್ಕ್ ಮುಂದಾಗಿ, ಗುಂಡಗೆ ಒಂದೇ ಲಯದಲ್ಲಿ ತಿರುಗುತ್ತಾ ಹೋಗುತ್ತದೆ. ಓಲಾಡುವುದು ತಲೆ ಅಲ್ಲಾಡಿಸಿದಂತೆ ಕಾಣುತ್ತದೆ. ಕೆಳಗಿಳಿಯುವಾಗ ಇದು ಹೆಚ್ಚು ಸ್ಪಷ್ಟ, ಏಕೆಂದರೆ ಆಗ ವೇಗ ತಗ್ಗಿರುತ್ತದೆ. ಓಲಾಟ ಇಲ್ಲ, ಸ್ವಲ್ಪ, ಬಹಳ ಎಂದು ಮೂರೇ ಅಂಕ ಸಾಕು. ಹನ್ನೆರಡರಲ್ಲಿ ಎಷ್ಟು ಹೊಸದಿರುವಾಗಲೇ "ಬಹಳ" ಎಂದು ಬರೆಸಿಕೊಂಡವೋ ಅವು ದುಡ್ಡು ಕೊಟ್ಟು ತಂದ ಕಸ. ಬಾಳಿಕೆಯ ಲೆಕ್ಕದಲ್ಲಿ ಅವುಗಳ ಆಯುಸ್ಸು ಸೊನ್ನೆ ಎಂದು ಸೇರಿಸಬೇಕು. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ.

ಗರಿಯ ತುದಿಯನ್ನು ಹೊರಕ್ಕೆ ಮಡಚಿ ಶಟಲ್ ನಿಧಾನ ಮಾಡುವುದು, ಒಳಕ್ಕೆ ಮಡಚಿ ವೇಗ ಮಾಡುವುದು ಎಲ್ಲೆಡೆ ನಡೆಯುತ್ತದೆ. ಪರೀಕ್ಷೆಯ ಶಟಲ್‌ಗೆ ಹಾಗೆ ಮಾಡಬೇಡಿ. ಮಡಚಿದ ಜಾಗದಿಂದಲೇ ಎಸಳು ಹರಿಯತೊಡಗುತ್ತದೆ. ಪಂದ್ಯದಲ್ಲಂತೂ ಆಟಗಾರರು ತಾವಾಗಿ ಹೀಗೆ ಮಾಡುವುದು ನಿಯಮಕ್ಕೆ ವಿರುದ್ಧ.

ನಾಲ್ಕನೆಯ ಹೆಜ್ಜೆ: ತೇವ

ಎರಡು ಮಾದರಿಗಳ ನಡುವಿನ ವ್ಯತ್ಯಾಸಕ್ಕಿಂತ ಒಣ ಗರಿಗೂ ಹದವಾದ ತೇವದ ಗರಿಗೂ ಇರುವ ವ್ಯತ್ಯಾಸ ಎಷ್ಟೋ ಸಲ ದೊಡ್ಡದು. ಗರಿ ನಮ್ಮ ಉಗುರು ಕೂದಲುಗಳಂತೆಯೇ ಕೆರಾಟಿನ್‌ನಿಂದ ಆದದ್ದು. ತೇವ ಹೀರಿದರೆ ಬಾಗುತ್ತದೆ, ಒಣಗಿದರೆ ಮುರಿಯುತ್ತದೆ. ಬಯಲುಸೀಮೆಯಲ್ಲಿ ಫೆಬ್ರವರಿ ಮಾರ್ಚ್ ಒಣಹವೆಗೆ ಒಳ್ಳೆಯ ಶಟಲ್ ಕೂಡ ಹಪ್ಪಳದಂತೆ ಮುರಿಯುವುದುಂಟು. ಅದೇ ಶಟಲ್ ಕರಾವಳಿಯ ಮಳೆಗಾಲದಲ್ಲಿ ಹೆಚ್ಚು ಹೊತ್ತು ತಡೆಯುತ್ತದೆ. ಆದ್ದರಿಂದ ಹೋಲಿಕೆಗೆ ಮೊದಲು ಎಲ್ಲ ಡಬ್ಬಿಗಳನ್ನೂ ಒಂದೇ ಕೋಣೆಯಲ್ಲಿ ಕನಿಷ್ಠ ಎರಡು ದಿನ ಇಡಿ.

ತೇವ ಕೊಡುವುದಾದರೆ ಎಲ್ಲಕ್ಕೂ ಒಂದೇ ಅಳತೆಯಲ್ಲಿ ಕೊಡಿ. ಸುಲಭದ ದಾರಿ: ಡಬ್ಬಿಯ ಗರಿಬದಿಯ ಮುಚ್ಚಳದ ಒಳಗೆ, ಚೆನ್ನಾಗಿ ಹಿಂಡಿದ ಸ್ಪಾಂಜಿನ ರೂಪಾಯಿ ನಾಣ್ಯದಗಲದ ತುಂಡು ಇಟ್ಟು, ಗರಿಗೆ ನೇರವಾಗಿ ತಾಗದಂತೆ ನಡುವೆ ತೂತು ಮಾಡಿದ ರಟ್ಟಿನ ಬಿಲ್ಲೆ ಕೊಟ್ಟು, ಮುಚ್ಚಿ ಒಂದು ರಾತ್ರಿ ಬಿಡುವುದು. ಆತುರವಿದ್ದರೆ ಹಬೆ. ಡಬ್ಬಿಯ ಎರಡೂ ಮುಚ್ಚಳ ತೆಗೆದು, ಗರಿಬದಿ ಕೆಳಗಾಗಿ ಕೆಟಲ್‌ನ ಹಬೆಗೆ ಸುಮಾರು ಹತ್ತು ಸೆಕೆಂಡ್ ಹಿಡಿದು, ಮುಚ್ಚಿ ಕೆಲವು ಗಂಟೆ ಬಿಡಿ. ಕೈ ಸುಡದಂತೆ ನೋಡಿಕೊಳ್ಳಿ.

ಅತಿಯಾಯಿತೇ ಎಂದು ತಕ್ಕಡಿ ಹೇಳುತ್ತದೆ. ತೇವಕ್ಕೆ ಮೊದಲು, ಆಮೇಲೆ ಎರಡು ಮೂರು ಶಟಲ್ ತೂಗಿ. 0.065 ಗ್ರಾಂ ಏರಿದ್ದರೆ ಶಟಲ್‌ನ ತೂಕ ಒಂದು ಮೆಟ್ಟಿಲು ಮೇಲೆ ಹೋದಂತೆ, 76 ತಂದವರು 77ರಲ್ಲಿ ಆಡುತ್ತಿದ್ದೀರಿ. ಅದಕ್ಕಿಂತ ಹೆಚ್ಚಾಗಿದ್ದರೆ ಮುಚ್ಚಳ ತೆರೆದು ಆರಲು ಬಿಡಿ. ಹಬೆ ಅತಿಯಾದರೆ ಅಂಟು ಸಡಿಲಗೊಂಡು ಗರಿಗಳ ಬಾಯಿ ಅಗಲವಾಗುತ್ತದೆ, ಕಾರ್ಕ್ ನೀರು ಕುಡಿದು ಮಂಕಾಗುತ್ತದೆ. ತೇವದ ಡಬ್ಬಿಯನ್ನು ವಾರಗಟ್ಟಲೆ ಮುಚ್ಚಿಟ್ಟರೆ ಬೂಷ್ಟು ಬರುತ್ತದೆ. ಮಂಗಳೂರು, ಉಡುಪಿ, ಕಾರವಾರದವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಬೆಯ ಗೋಜಿಗೇ ಹೋಗಬೇಕಾಗಿಲ್ಲ.

ಐದನೆಯ ಹೆಜ್ಜೆ: ಆಡಿ ಸವೆಸುವುದು

ಇಲ್ಲಿ ಅಳತೆಗೋಲು ರ್‍ಯಾಲಿ. ಅಂದರೆ ಸರ್ವೀಸ್‌ನಿಂದ ಒಂದು ಅಂಕ ಸಿಗುವವರೆಗಿನ ಆಟ. ನಿಮಿಷದ ಲೆಕ್ಕ ಬೇಡ, ಬೆವರು ಒರೆಸುವ ಸಮಯವೂ ಅದರಲ್ಲಿ ಸೇರಿಬಿಡುತ್ತದೆ. ರ್‍ಯಾಲಿ ಎಣಿಸಲು ಪ್ರತ್ಯೇಕ ಜನ ಬೇಕಿಲ್ಲ, ಸ್ಕೋರೇ ಲೆಕ್ಕ. ಗೇಮ್ 21–15ಕ್ಕೆ ಮುಗಿದರೆ 36 ರ್‍ಯಾಲಿ ಆಗಿದೆ. ಶಟಲ್ ಬದಲಿಸಿದಾಗಿನ ಸ್ಕೋರ್ ಬರೆದಿಟ್ಟರೆ ಸಾಕು.

ಆಡುವವರು ಅದೇ ನಾಲ್ವರು ಇರಲಿ, ಅಥವಾ ಅದೇ ಗುಂಪಿನೊಳಗೆ ಜೋಡಿ ಬದಲಾಗಲಿ. ಒಂದು ಗೇಮ್ ಕ ಮಾದರಿ, ಮುಂದಿನದು ಖ, ಮತ್ತೆ ಕ. ಮೊದಲ ದಿನವೆಲ್ಲ ಕ, ಎರಡನೆಯ ದಿನವೆಲ್ಲ ಖ ಎಂದರೆ ಹೋಲಿಕೆ ಕೆಟ್ಟಿತು. ಗೇಮ್ ನಡುವೆ ಶಟಲ್ ಸತ್ತರೆ ಅದೇ ಮಾದರಿಯ ಇನ್ನೊಂದು. ಗೇಮ್ ಮುಗಿದಾಗ ಇನ್ನೂ ಜೀವವಿದ್ದರೆ ಡಬ್ಬಿಗೆ ಹಾಕಿ, ಆ ಮಾದರಿಯ ಸರದಿ ಬಂದಾಗ ಅದನ್ನೇ ಮುಂದುವರಿಸಿ.

"ಸತ್ತಿತು" ಎಂದರೇನು ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಇಲ್ಲದಿದ್ದರೆ ಗೆಲ್ಲುತ್ತಿರುವವರಿಗೆ ಶಟಲ್ ಸರಿಯಿರುತ್ತದೆ, ಸೋಲುತ್ತಿರುವವರಿಗೆ ಕೆಟ್ಟಿರುತ್ತದೆ. ಈ ಮೂರರಲ್ಲಿ ಒಂದಾದರೂ ಆದರೆ ತೆಗೆಯಿರಿ: ಒಂದು ಕಡ್ಡಿ ಪೂರ್ತಿ ಮುರಿದದ್ದು; ಕಣ್ಣಿಗೆ ಕಾಣುವ ಓಲಾಟ ಸತತ ಮೂರು ರ್‍ಯಾಲಿಯಲ್ಲಿ ಬಂದದ್ದು; ಎಸಳುಗಳು ಹರಿದು ಶಟಲ್ ಹಿಂಗೆರೆ ದಾಟಿ ಓಡತೊಡಗಿದ್ದು. ಮೂರನೆಯದನ್ನು ಎಲ್ಲರೂ ಗಮನಿಸುವುದಿಲ್ಲ. ಎಸಳು ಕಳೆದುಕೊಂಡ ಶಟಲ್‌ಗೆ ಗಾಳಿಯ ತಡೆ ಕಡಿಮೆ, ಅದು ವೇಗವಾಗುತ್ತದೆ. "ಇವತ್ತು ಎಲ್ಲ ಔಟ್ ಹೋಗ್ತಿದೆ" ಎಂಬ ದೂರಿನ ಹಿಂದೆ ಹಲವು ಸಲ ಇದೇ ಇರುತ್ತದೆ.

ಸಾವಿನ ಕಾರಣವನ್ನು ತಪ್ಪದೆ ಬರೆದಿಡಿ. ಕಡ್ಡಿ ಎಲ್ಲಿ ಮುರಿಯಿತು ಎಂಬುದು ತುಂಬ ಹೇಳುತ್ತದೆ. ದಾರದ ಅಂಚಿನಲ್ಲಿ ಮುರಿದರೆ ಅಂಟು ಅಥವಾ ಒಣ ಗರಿ ಕಾರಣ. ಕಡ್ಡಿಯ ನಡುವೆ, ಎಸಳು ಶುರುವಾಗುವಲ್ಲಿ ಮುರಿದರೆ ಹೆಚ್ಚಾಗಿ ರಾಕೆಟ್‌ನ ಅಂಚು ತಾಗಿದ್ದು, ಅದು ಆಟಗಾರನ ತಪ್ಪು. ಕಾರ್ಕ್‌ನ ಹೊದಿಕೆ ಹರಿದು ಒಂದು ಬದಿ ಚಪ್ಪಟೆಯಾದರೆ ಕಾರ್ಕ್ ಕಳಪೆ. ಕಡ್ಡಿಗಳೆಲ್ಲ ನೆಟ್ಟಗಿದ್ದು ಎಸಳು ಮಾತ್ರ ಜಾಲರಿಯಂತಾದರೆ ಅದು ಗರಿಯ ಸಹಜ ಮುಪ್ಪು, ಒಳ್ಳೆಯ ಶಟಲ್‌ನ ಲಕ್ಷಣ. ಒಂದು ಮಾದರಿಯ ಹತ್ತರಲ್ಲಿ ಎಂಟು ಹೀಗೆ ಸಹಜವಾಗಿ ಮುಪ್ಪಾದರೆ ಅದನ್ನು ಧೈರ್ಯವಾಗಿ ಕೊಳ್ಳಬಹುದು.

ಹೊಸಬರ ಗುಂಪಿನಲ್ಲಿ ಅಂಚಿನ ಹೊಡೆತಗಳೇ ಹೆಚ್ಚು. ಅಂಥಲ್ಲಿ ಅತ್ಯುತ್ತಮ ಹೆಬ್ಬಾತಿನ ಗರಿಯೂ ಬಾತುಕೋಳಿ ಗರಿಯೂ ಸರಿಸುಮಾರು ಒಂದೇ ಹೊತ್ತಿಗೆ ಮುರಿಯುತ್ತವೆ. ದುಬಾರಿ ಶಟಲ್‌ನ ಲಾಭ ಅವರಿಗೆ ಸಿಗದು. ಓರೆಹೊಡೆತದ ಡ್ರಾಪ್ ಹೆಚ್ಚು ಆಡುವವರು ಎಸಳನ್ನು ಹರಿಯುತ್ತಾರೆ. ಸ್ಮ್ಯಾಷ್ ಹೊಡೆಯುವವರು ಕಾರ್ಕ್ ಮತ್ತು ದಾರವನ್ನು ದಣಿಸುತ್ತಾರೆ. ಇನ್ನೊಂದು ಗುಂಪಿನ ಶಿಫಾರಸು ನಿಮಗೆ ಹೊಂದದೆ ಇರುವುದು ಇದಕ್ಕೇ.

ಲೆಕ್ಕ

ಲೆಕ್ಕದ ದಾರಿ ತಿಳಿಯಲೆಂದು ಸಂಖ್ಯೆಗಳನ್ನು ಇಟ್ಟುಕೊಳ್ಳೋಣ. ಕ ಮಾದರಿಯ ಡಬ್ಬಿ 1,200 ರೂಪಾಯಿ. ಹನ್ನೆರಡರಲ್ಲಿ ಒಂದು ಹೊಸದಿರುವಾಗಲೇ ಕೆಟ್ಟದ್ದು, ಉಳಿದ ಹನ್ನೊಂದು ತಲಾ 60 ರ್‍ಯಾಲಿ ಬಾಳಿದವು. ಒಟ್ಟು 660 ರ್‍ಯಾಲಿ, ಒಂದು ರ್‍ಯಾಲಿಗೆ 1 ರೂಪಾಯಿ 82 ಪೈಸೆ. ಖ ಮಾದರಿಯ ಡಬ್ಬಿ 1,800 ರೂಪಾಯಿ. ಹನ್ನೆರಡೂ ಸರಿಯಿದ್ದು ತಲಾ 100 ರ್‍ಯಾಲಿ ಬಾಳಿದವು. ಒಟ್ಟು 1,200 ರ್‍ಯಾಲಿ, ಒಂದಕ್ಕೆ 1 ರೂಪಾಯಿ 50 ಪೈಸೆ. 36 ರ್‍ಯಾಲಿಯ ಗೇಮ್‌ಗೆ ಕ ಮಾದರಿಯಲ್ಲಿ ಸುಮಾರು 65 ರೂಪಾಯಿ, ಖ ಮಾದರಿಯಲ್ಲಿ 54. ಡಬ್ಬಿಗೆ 600 ರೂಪಾಯಿ ಹೆಚ್ಚು ಕೊಟ್ಟವರು ಗೇಮ್‌ಗೆ 11 ರೂಪಾಯಿ ಉಳಿಸಿದರು. ಖ ಮಾದರಿ 80 ರ್‍ಯಾಲಿಗೇ ಸತ್ತಿದ್ದರೆ ಗೇಮ್‌ಗೆ 67 ರೂಪಾಯಿ 50 ಪೈಸೆ ಆಗಿ ಲೆಕ್ಕ ತಿರುಗಿಬೀಳುತ್ತಿತ್ತು. ಆದ್ದರಿಂದಲೇ ನಿಮ್ಮ ಕೋರ್ಟ್‌ನ ನಿಮ್ಮ ಸಂಖ್ಯೆಗಳೇ ಬೇಕು.

ಸರಾಸರಿಯ ಜೊತೆ ಹರವನ್ನೂ ನೋಡಿ. ಒಂದು ಮಾದರಿ 20, 150, 35, 140 ಎಂದು ಬಾಳಿದರೆ, ಇನ್ನೊಂದು 80, 85, 90, 82 ಎಂದು ಬಾಳಿದರೆ, ಸರಾಸರಿ ಹೆಚ್ಚು ಕಡಿಮೆ ಒಂದೇ ಆದರೂ ಪಂದ್ಯಾವಳಿಗೆ ಎರಡನೆಯದನ್ನೇ ತೆಗೆದುಕೊಳ್ಳಿ. ಎರಡು ಮಾದರಿಗಳ ಅಂತರ ಹತ್ತರಲ್ಲಿ ಒಂದಂಶಕ್ಕಿಂತ ಕಡಿಮೆ ಬಂದರೆ 24 ಶಟಲ್‌ನ ಪರೀಕ್ಷೆಯಿಂದ ಯಾವುದು ಮೇಲು ಎಂದು ಹೇಳಲಾಗದು. ಆಗ ಹಾರಾಟ ಚೆನ್ನಾಗಿರುವುದನ್ನು, ಅದೂ ಸಮನಾದರೆ ಅಗ್ಗದ್ದನ್ನು ಆರಿಸಿ.

ನೈಲಾನ್ ಶಟಲ್‌ನ ಮಾತು

ನೈಲಾನ್ ಮತ್ತು ಗರಿಯನ್ನು ಒಂದೇ ಪಟ್ಟಿಯಲ್ಲಿಟ್ಟು ಹೋಲಿಸಬೇಡಿ. ನೈಲಾನ್ ಎಷ್ಟೋ ಪಟ್ಟು ಬಾಳುತ್ತದೆ, ಆದರೆ ಹಾರಾಟವೇ ಬೇರೆ: ಗರಿಯಂತೆ ಕೊನೆಯಲ್ಲಿ ಕಡಿದಾಗಿ ಕೆಳಗಿಳಿಯುವುದಿಲ್ಲ. ನೈಲಾನ್‌ಗಳ ನಡುವೆ ಹೋಲಿಸುವಾಗ ಕಾರ್ಕ್ ಸುತ್ತಲಿನ ಪಟ್ಟಿಯ ಬಣ್ಣ ಒಂದೇ ಇರಲಿ. ಯೋನೆಕ್ಸ್‌ನ ಮೇವಿಸ್ 350ರಂಥವುಗಳಲ್ಲಿ ಹಸಿರು ನಿಧಾನ, ನೀಲಿ ಮಧ್ಯಮ, ಕೆಂಪು ವೇಗ. ನಮ್ಮ ಸೆಕೆಗೆ ಹಸಿರು ಹೊಂದುತ್ತದೆ, ಅಂಗಡಿಯಲ್ಲಿ ಕೇಳಿ ತೆಗೆದುಕೊಳ್ಳಿ. ನೈಲಾನ್ ಮುರಿಯುವುದು ಅಪರೂಪ, ಅದರ ಬಲೆ ಸೊಟ್ಟಗಾಗಿ ಸಾಯುತ್ತದೆ. ದಿನದ ಕೊನೆಗೆ ಬಾಯಿಯ ಅಡ್ಡಳತೆಯನ್ನು ಎರಡು ದಿಕ್ಕಿನಲ್ಲಿ ಅಳೆಯಿರಿ. ಮೂರು ನಾಲ್ಕು ಮಿಲಿಮೀಟರ್ ಅಂತರ ಬಂದರೆ ಅದು ಮೊಟ್ಟೆಯಾಕಾರಕ್ಕೆ ತಿರುಗಿದೆ, ಸ್ಮ್ಯಾಷ್‌ಗೆ ಎತ್ತೆತ್ತಲೋ ಹೋಗುತ್ತದೆ. ಬಲೆ ಮತ್ತು ಕಾರ್ಕ್ ಕೂಡುವಲ್ಲಿ ಬಿರುಕು ಕಂಡರೆ ಕೂಡಲೇ ತೆಗೆದುಹಾಕಿ. ಕಾರ್ಕ್ ಬಿಟ್ಟು ಹಾರಿದರೆ ಎದುರು ನಿಂತವರ ಕಣ್ಣಿಗೆ ಅಪಾಯ.

ಪರೀಕ್ಷೆ ಮುಗಿದ ಮೇಲೆ

ಗೆದ್ದ ಮಾದರಿಯನ್ನು ಒಮ್ಮೆಗೇ ಐವತ್ತು ಡಬ್ಬಿ ಕೊಳ್ಳುವ ಮುನ್ನ ಡಬ್ಬಿಯ ಮೇಲಿನ ಲಾಟ್ ಗುರುತು ನೋಡಿ. ಪರೀಕ್ಷಿಸಿದ ಲಾಟೇ ಆಗಿದ್ದರೆ ಒಳ್ಳೆಯದು. ಬೇರೆಯಾಗಿದ್ದರೆ ಒಂದು ಡಬ್ಬಿ ತೆರೆದು ತೂಕ, ಉರುಳಿಕೆ, ವೇಗ ಈ ಮೂರನ್ನಷ್ಟೇ ನೋಡಿ, ಅರ್ಧ ಗಂಟೆಯ ಕೆಲಸ. ಮಾರುಕಟ್ಟೆ ಬೆಲೆಗಿಂತ ತುಂಬ ಅಗ್ಗಕ್ಕೆ ಸಿಕ್ಕ ದುಬಾರಿ ಹೆಸರಿನ ಡಬ್ಬಿಗೂ ಇದೇ ಪರೀಕ್ಷೆ ಮಾಡಿ. ನಕಲಿ ಮಾಲು ಹೆಸರು, ಬಣ್ಣ ಎಲ್ಲವನ್ನೂ ಹೋಲಬಹುದು, ಹನ್ನೆರಡು ಶಟಲ್‌ಗಳ ತೂಕ ಒಂದೇ ಸಮ ಬರುವುದು ಅದಕ್ಕೆ ಕಷ್ಟ. ಡಬ್ಬಿಗಳನ್ನು ನೆಟ್ಟಗೆ ನಿಲ್ಲಿಸಿ, ಬಿಸಿಲು ಬೀಳದ ಕಡೆ, ಒಂದರ ಮೇಲೊಂದು ಹೇರದೆ ಇಡಿ. ಕಾರಿನ ಡಿಕ್ಕಿಯಲ್ಲಿ ಬಿಟ್ಟ ಡಬ್ಬಿ ಏಪ್ರಿಲ್‌ನ ಒಂದೇ ಮಧ್ಯಾಹ್ನಕ್ಕೆ ಒಣಗಿಹೋಗುತ್ತದೆ. ಋತು ಬದಲಾದಾಗ, ಅಂದರೆ ಮಳೆ ಹಿಡಿದ ಮೇಲೊಮ್ಮೆ, ಚಳಿ ಶುರುವಾದ ಮೇಲೊಮ್ಮೆ, ವೇಗದ ಪರೀಕ್ಷೆಯನ್ನು ಮತ್ತೆ ಮಾಡಿ ಡಬ್ಬಿಯ ಸಂಖ್ಯೆ ಬದಲಿಸಬೇಕೇ ಎಂದು ನೋಡಿಕೊಳ್ಳಿ.